ನಿಮಗಿದು ಗೊತ್ತೇ? ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಕಾಯಿಸುವ ಊರುಗಳು

ಕೆನಡಾದ ವಿನಿಪೆಗ್, ಎಡ್ಮಂಟನ್, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಂಥ ಊರುಗಳಲ್ಲಿ ನಿಲ್ಲಿಸಿದ ಲಾರಿ, ಪಿಕಪ್, ಕಾರುಗಳ ಮುಂದಿನ ಜಾಲರಿಯಿಂದ ಮೂರು ಪಿನ್ನಿನ ಪ್ಲಗ್ಗೊಂದು ಹೊರಗೆ ನೇತಾಡುತ್ತಿರುತ್ತದೆ. ಇವು ಬ್ಯಾಟರಿ ಗಾಡಿಗಳಲ್ಲ, ಅಪ್ಪಟ ಡೀಸೆಲ್, ಪೆಟ್ರೋಲ್ ಗಾಡಿಗಳೇ. ಆ ವೈರಿನ ಇನ್ನೊಂದು ತುದಿ ಎಂಜಿನ್ನಿನ ಒಳಗಿದೆ. ಹೊರಡುವ ಕೆಲವು ಗಂಟೆ ಮೊದಲು ಅದಕ್ಕೆ ಕರೆಂಟು ಕೊಟ್ಟರೆ ಮೈನಸ್ 30 ಡಿಗ್ರಿಯ ಬೆಳಗಿನಲ್ಲೂ ಗಾಡಿ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತದೆ. ಅದರ ಹೆಸರು ಎಂಜಿನ್ ಬ್ಲಾಕ್ ಹೀಟರ್. ಇಲ್ಲಿ ಕೊಟ್ಟಿರುವ ಡಿಗ್ರಿಗಳೆಲ್ಲ ಸೆಲ್ಸಿಯಸ್ ಲೆಕ್ಕದವು.

ಹೀಟರ್ ನೇರವಾಗಿ ಕಾಯಿಸುವುದು ಕಬ್ಬಿಣವನ್ನಲ್ಲ, ಎಂಜಿನ್ನಿನ ಒಳಗೆ ತುಂಬಿರುವ ಕೂಲೆಂಟನ್ನು. ಬಕೆಟ್ಟಿಗೆ ಇಳಿಬಿಟ್ಟು ಸ್ನಾನದ ನೀರು ಕಾಯಿಸುವ ಕಾಯಿಲ್ ಇದೆಯಲ್ಲ, ಅದರ ಗಿಡ್ಡ ರೂಪ ಇದು. ಸಣ್ಣ ಕಾರಿಗೆ 400 ವ್ಯಾಟ್ ಸಾಕು. ದೊಡ್ಡ ಲಾರಿಗೆ 1000ದಿಂದ 1500 ವ್ಯಾಟ್ ಬೇಕು. ಡಾಡ್ಜ್ ರ‍್ಯಾಮ್ ಪಿಕಪ್ಪಿನ 5.9 ಲೀಟರ್ ಕಮಿನ್ಸ್ ಎಂಜಿನ್ನಿನಲ್ಲಿರುವುದು 750 ವ್ಯಾಟಿನದು, ಫೋರ್ಡಿನ 7.3 ಲೀಟರ್ ಪವರ್ ಸ್ಟ್ರೋಕಿನಲ್ಲಿ 1000 ವ್ಯಾಟಿನದು. ಪಂಪಿನ ಅಗತ್ಯವಿಲ್ಲ. ಕಾದ ಕೂಲೆಂಟ್ ತಾನಾಗಿ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿದು ಹೀಟರಿನ ಹತ್ತಿರ ಬರುತ್ತದೆ. ಹೀಗೆ ನಿಧಾನವಾಗಿ ಸುತ್ತುತ್ತಲೇ ಸಿಲಿಂಡರ್ ಗೋಡೆಗಳೂ ಹೆಡ್ಡೂ ಬೆಚ್ಚಗಾಗುತ್ತವೆ.

ಅದು ಕೂರುವ ಜಾಗದ ಕತೆಯೂ ಸ್ವಾರಸ್ಯದ್ದು. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಲೋಹದ ಬಿಲ್ಲೆ ಬಡಿದು ಮುಚ್ಚಿದ ದುಂಡನೆಯ ತೂತುಗಳಿರುತ್ತವೆ. ನೀರು ಹೆಪ್ಪುಗಟ್ಟಿದಾಗ ಬಿಲ್ಲೆ ಹೊರಗೆ ಹಾರಿ ಎಂಜಿನ್ ಉಳಿಸಲೆಂದು ಅವನ್ನು ಇಟ್ಟಿದ್ದಾರೆ ಎಂದು ಎಷ್ಟೋ ಮೆಕ್ಯಾನಿಕ್‌ಗಳು ನಂಬಿದ್ದಾರೆ. ನಿಜವಾಗಿ ಅವು ಎರಕದ ತೂತುಗಳು. ಬ್ಲಾಕನ್ನು ಎರಕ ಹೊಯ್ಯುವಾಗ ಒಳಗೆ ಟೊಳ್ಳು ಬಿಡಲು ಇಟ್ಟ ಮರಳಿನ ಅಚ್ಚನ್ನು ಆಮೇಲೆ ಹೊರತೆಗೆಯುವುದು ಆ ದಾರಿಯಲ್ಲೇ. ಅಂಥ ಒಂದು ಬಿಲ್ಲೆ ಕಿತ್ತು ಅದೇ ತೂತಿಗೆ ಹೀಟರ್ ಕೂರಿಸುತ್ತಾರೆ. ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬಿಲ್ಲೆ ಹಾರಿದರೂ ಬ್ಲಾಕ್ ಬಿರುಕು ಬಿಡುವುದು ತಪ್ಪುತ್ತದೆ ಎಂಬ ಖಾತರಿ ಇಲ್ಲ.

ಚಳಿಗೆ ಮೊದಲು ಸೋಲುವುದು ಡೀಸೆಲ್ ಎಂಜಿನ್ನೇ, ಏಕೆ? ಅದಕ್ಕೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಹುಟ್ಟುವ ಕಾವಿನಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ ಮೈನಸ್ 25ರಲ್ಲಿ ರಾತ್ರಿಯಿಡೀ ನಿಂತಿದ್ದರೆ ಒತ್ತಿದ ಗಾಳಿಯ ಕಾವನ್ನು ಸಿಲಿಂಡರಿನ ಕಬ್ಬಿಣ ಹೀರಿಬಿಡುತ್ತದೆ. ಸೆಲ್ಫ್ ಮೋಟಾರ್ ನಿಧಾನವಾಗಿ ತಿರುಗಿದಷ್ಟೂ ಆ ಹೀರಿಕೆಗೆ ಹೆಚ್ಚು ಸಮಯ ಸಿಗುತ್ತದೆ, ಪಿಸ್ಟನ್ ರಿಂಗುಗಳ ಸಂದಿಯಿಂದ ಗಾಳಿಯೂ ಜಾರಿಹೋಗುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ಮಾತ್ರ ಬಂದು ಎಂಜಿನ್ ಹಿಡಿಯದಿದ್ದರೆ ಆ ಬಿಳಿ ಹೊಗೆ ಸುಡದೆ ಹೊರಬಿದ್ದ ಡೀಸೆಲ್ಲೇ. ಬ್ಲಾಕ್ ಸ್ವಲ್ಪ ಬೆಚ್ಚಗಿದ್ದರೂ ಸಾಕು, ಈ ಇಡೀ ಲೆಕ್ಕ ಬದಲಾಗುತ್ತದೆ.

ಆಯಿಲ್ ಡಬ್ಬಿಯ ಮೇಲಿನ 15ಡಬ್ಲ್ಯೂ-40ರಲ್ಲಿ ಡಬ್ಲ್ಯೂ ಇರುವುದು ಚಳಿಗಾಲಕ್ಕಾಗಿ. 15ಡಬ್ಲ್ಯೂ ಆಯಿಲನ್ನು ಎಂಜಿನ್ ತಿರುಗಿಸುವ ಪರೀಕ್ಷೆಗೆ ಒಡ್ಡುವುದು ಮೈನಸ್ 20ರಲ್ಲಿ, 5ಡಬ್ಲ್ಯೂವನ್ನು ಮೈನಸ್ 30ರಲ್ಲಿ, 0ಡಬ್ಲ್ಯೂವನ್ನು ಮೈನಸ್ 35ರಲ್ಲಿ. ನಮ್ಮ ಬಹುತೇಕ ಲಾರಿಗಳಿಗೆ ಹಾಕುವ 15ಡಬ್ಲ್ಯೂ-40 ಆಯಿಲ್ ಮೈನಸ್ 30ರ ಊರಿನಲ್ಲಿ ಪಂಪಿಗೆ ಸರಿಯಾಗಿ ಸಿಗುವುದೇ ಇಲ್ಲ. ಹಾಗಿದ್ದೂ ಎಂಜಿನ್ ಹೇಗೋ ಹಿಡಿದರೆ ಮೊದಲ ಕೆಲವು ಕ್ಷಣ ಬೇರಿಂಗುಗಳು ಒಣಗಿದಂತೆಯೇ ತಿರುಗುತ್ತವೆ. ಎಂಜಿನ್ನಿನ ಆಯುಸ್ಸು ಕರಗುವುದು ಅಲ್ಲೇ. ಗಾಡಿ ಸ್ಟಾರ್ಟ್ ಆಯಿತಲ್ಲ, ಇನ್ನೇನು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಸ್ಟಾರ್ಟ್ ಆಗುವುದು ಬೇರೆ, ಸವೆಯದೆ ಸ್ಟಾರ್ಟ್ ಆಗುವುದು ಬೇರೆ. ಬ್ಲಾಕ್ ಹೀಟರಿನ ದೊಡ್ಡ ಉಪಕಾರ ಈ ಎರಡನೆಯದು.

ಬ್ಯಾಟರಿಯದು ಇನ್ನೊಂದು ಪೇಚು. ಮೈನಸ್ 18ರ ಆಸುಪಾಸಿನಲ್ಲಿ ಸಾಮಾನ್ಯ ಆಸಿಡ್ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗಟ್ಟಿಯಾದ ಆಯಿಲಿನಿಂದಾಗಿ ಎಂಜಿನ್ ಹೆಚ್ಚು ಶಕ್ತಿ ಬೇಡುವುದೂ ಆಗಲೇ.

ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದ ಬ್ಯಾಟರಿ ಮೈನಸ್ 10 ಆಗುವಷ್ಟರಲ್ಲೇ ಹೆಪ್ಪುಗಟ್ಟಿ ಒಡೆಯಬಲ್ಲದು, ಏಕೆಂದರೆ ಒಳಗೆ ಉಳಿದಿರುವುದು ಹೆಚ್ಚಾಗಿ ನೀರೇ. ಹಾಗೆ ಗಟ್ಟಿಯಾದ ಬ್ಯಾಟರಿಗೆ ಜಂಪ್ ಕೊಡಬಾರದು, ಸಿಡಿಯುವ ಅಪಾಯವಿದೆ.

ಹೀಟರ್ ಹುಟ್ಟಿದ ಊರು ಎಂದು ಹೆಮ್ಮೆಪಡುವ ಹಕ್ಕು ಅಮೆರಿಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ಗಿದೆ. ಅಲ್ಲಿನ ವಿದ್ಯುತ್ ಸಹಕಾರಿ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಆಂಡ್ರ್ಯೂ ಫ್ರೀಮನ್ ಎಂಜಿನ್ನಿನ ಹೆಡ್ಡನ್ನು ಬಿಗಿಯುವ ಬೋಲ್ಟುಗಳಲ್ಲಿ ಒಂದನ್ನು ತೆಗೆದು, ಅಲ್ಲಿ ಕರೆಂಟಿನಿಂದ ಕಾಯುವ ಬೋಲ್ಟ್ ಕೂರಿಸಿದ. 1949ರ ನವೆಂಬರಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇಂದು ಹೀಟರ್ ಬೋಲ್ಟಿನ ಜಾಗ ಬಿಟ್ಟು ಕೂಲೆಂಟಿನ ತೂತಿಗೆ ಬಂದಿದೆ. ಆದರೂ ಆ ಕಡೆಯ ಹಳಬರು ಅದನ್ನು ಈಗಲೂ ಹೆಡ್ ಬೋಲ್ಟ್ ಹೀಟರ್ ಎಂದೇ ಕರೆಯುತ್ತಾರೆ.

ಅದಕ್ಕೂ ಮುಂಚೆ? ಸಂಜೆ ರೇಡಿಯೇಟರಿನ ನೀರನ್ನು ಬಸಿದು ಬೆಳಿಗ್ಗೆ ಬಿಸಿನೀರು ತುಂಬುವುದು ರೂಢಿ. ಅಲಾಸ್ಕಾದ ಕಾಡುಮೇಡುಗಳಿಗೆ ಹಾರುತ್ತಿದ್ದ ಸಣ್ಣ ವಿಮಾನಗಳ ಪೈಲಟ್‌ಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಇಳಿದ ಕೂಡಲೇ ಎಂಜಿನ್ನಿನ ಬಿಸಿ ಆಯಿಲನ್ನು ಡಬ್ಬಿಗೆ ಬಸಿದು ಗುಡಿಸಲಿನೊಳಗೆ ಒಯ್ಯುವರು. ಬೆಳಿಗ್ಗೆ ಅದನ್ನು ಒಲೆಯ ಮೇಲೆ ಕಾಯಿಸುವರು. ಅತ್ತ ಎಂಜಿನ್ನಿಗೆ ಕ್ಯಾನ್ವಾಸ್ ಹೊದಿಸಿ, ಅಡಿಯಲ್ಲಿ ಬೆಂಕಿ ಉಗುಳುವ ಸ್ಟವ್ ಇಟ್ಟು ಕಾಯುತ್ತ ಕೂರುವರು. ಎಂಜಿನ್ ಬೆಚ್ಚಗಾದ ಮೇಲೆ ಕಾದ ಆಯಿಲ್ ಸುರಿದು ಹಾರುವರು. ಬಟ್ಟೆಗೆ ಕಿಡಿ ತಗುಲಿದರೆ ವಿಮಾನವೇ ಹೋಯಿತು, ಹಾಗಾಗಿ ಒಬ್ಬರು ಅಲ್ಲೇ ಕಾವಲಿರಲೇಬೇಕಿತ್ತು.

ರಾತ್ರಿಯಿಡೀ ಪ್ಲಗ್ ಹಾಕಿಡಬೇಕೆ? ಬೇಡ. ಮೊದಲ ಎರಡು ಮೂರು ಗಂಟೆಯಲ್ಲಿ ಕೂಲೆಂಟ್ ಬೇಗ ಬೇಗ ಕಾಯುತ್ತದೆ. ಆಮೇಲೆ ಹೀಟರ್ ಕೊಡುವ ಕಾವೂ ಹೊರಗಿನ ಚಳಿಗೆ ಸೋರುವ ಕಾವೂ ಸಮಸಮವಾಗಿ, ಅಲ್ಲಿಂದಾಚೆಗೆ ಉರಿಸಿದ ಕರೆಂಟೆಲ್ಲ ಊರಿನ ಗಾಳಿ ಕಾಯಿಸಲು ಹೋಗುತ್ತದೆ. 1000 ವ್ಯಾಟಿನ ಹೀಟರನ್ನು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಹಾಕಿಟ್ಟರೆ 10 ಯೂನಿಟ್. ಟೈಮರ್ ಇಟ್ಟು ಬೆಳಗಿನ ಜಾವ ನಾಲ್ಕು ಗಂಟೆಗೆ ಆನ್ ಆಗುವಂತೆ ಮಾಡಿದರೆ 3 ಯೂನಿಟ್. ದಿನಕ್ಕೆ 7 ಯೂನಿಟ್ ಉಳಿದರೆ ನಾಲ್ಕು ತಿಂಗಳ ಚಳಿಗಾಲಕ್ಕೆ 840 ಯೂನಿಟ್. ಫಿನ್ಲೆಂಡಿನ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸುವ ಜಾಗದ ಮುಂದೆಯೇ ಟೈಮರ್ ಇರುವ ಪ್ಲಗ್ ಕಂಬ ನಿಲ್ಲಿಸುವುದು ಇದಕ್ಕೇ. ಉತ್ತರ ಅಮೆರಿಕದ ಕೆಲವು ಪಾರ್ಕಿಂಗ್‌ಗಳಲ್ಲಿ ಕರೆಂಟು ಎಡೆಬಿಡದೆ ಹರಿಯುವುದಿಲ್ಲ, ಆಗಾಗ ಬಂದು ಹೋಗುತ್ತದೆ. ಹೊಸದಾಗಿ ಹೋದವರು ಪ್ಲಗ್ಗು ಕೆಟ್ಟಿದೆಯೆಂದು ದೂರು ಕೊಡುವುದುಂಟು.

ನಾರ್ವೆಯ ಡೆಫಾ, ಸ್ವೀಡನ್ನಿನ ಕ್ಯಾಲಿಕ್ಸ್ ಕಂಪನಿಗಳ ಕಿಟ್‌ಗಳಲ್ಲಿ ಒಂದೇ ವೈರಿನಿಂದ ಎಂಜಿನ್ ಹೀಟರಿಗೂ ಗಾಡಿಯ ಒಳಗಿಡುವ ಸಣ್ಣ ಫ್ಯಾನ್ ಹೀಟರಿಗೂ ಕರೆಂಟು ಹೋಗುತ್ತದೆ. ಗಾಜಿನ ಮೇಲಿನ ಮಂಜು ಕೆರೆಯುವ ಕೆಲಸ ತಪ್ಪುತ್ತದೆ.

ಮೈನಸ್ 10ರಲ್ಲಿ ಪ್ಲಗ್ ಹಾಕಿ, ಬೆಳಿಗ್ಗೆ ಎಂಜಿನ್ ಮುಟ್ಟಿ ನೋಡಿದರೆ ತಣ್ಣಗಿದೆ. ಹೀಟರ್ ಸುಟ್ಟಿತೇ? ಗಾಡಿ ಜನರಲ್ ಮೋಟಾರ್ಸ್‌ನ ಡೀಸೆಲ್ ಪಿಕಪ್ ಆಗಿದ್ದರೆ ಗಾಬರಿ ಬೇಡ. ಅವುಗಳ ಕೆಲವು ಮಾದರಿಗಳ ವೈರಿನಲ್ಲೇ ಥರ್ಮೋಸ್ಟಾಟ್ ಇದ್ದು, ಹೊರಗಿನ ಚಳಿ ಮೈನಸ್ 18ಕ್ಕಿಂತ ಕೆಳಗಿಳಿಯುವವರೆಗೆ ಹೀಟರಿಗೆ ಕರೆಂಟು ಬಿಡುವುದಿಲ್ಲ.

ಎಷ್ಟೋ ಡೀಸೆಲ್ ಪಿಕಪ್‌ಗಳಲ್ಲಿ ಹೀಟರ್ ಕಾರ್ಖಾನೆಯಿಂದಲೇ ಬಂದಿರುತ್ತದೆ, ವೈರ್ ಮಾತ್ರ ಇರುವುದಿಲ್ಲ. ಹಳೇ ಗಾಡಿ ಕೊಂಡವರು ಹೊಸ ಹೀಟರಿಗೆ ದುಡ್ಡು ಸುರಿಯುವ ಮುನ್ನ ಬ್ಲಾಕಿನ ಪಕ್ಕ ಟಾರ್ಚ್ ಹಾಕಿ ನೋಡಬೇಕು.

ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಎರಡು ದಾರಿ. ಮೊದಲನೆಯದು ಕಿವಿ. ಸುತ್ತ ಸದ್ದಿಲ್ಲದಾಗ ಪ್ಲಗ್ ಸಿಕ್ಕಿಸಿ ಬಾನೆಟ್ ಹತ್ತಿರ ಬಾಗಿದರೆ, ಸ್ವಲ್ಪ ಹೊತ್ತಿನಲ್ಲಿ ನೀರು ಕುದಿ ಹಿಡಿಯುವ ಮುಂಚಿನ ಸಣ್ಣ ಸುಯ್ಯೆನ್ನುವ ದನಿ ಕೇಳಬೇಕು. ಎರಡನೆಯದು ಮಲ್ಟಿಮೀಟರ್. ಪ್ಲಗ್ಗನ್ನು ಕರೆಂಟಿನಿಂದ ತೆಗೆದು, ಅದರ ಎರಡು ಚಪ್ಪಟೆ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಅಮೆರಿಕ, ಕೆನಡಾದ 120 ವೋಲ್ಟಿನಲ್ಲಿ 1000 ವ್ಯಾಟಿನ ಹೀಟರಾದರೆ ಸುಮಾರು 14.4, 750 ವ್ಯಾಟಿನದಾದರೆ 19.2 ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ವೈರೋ ಒಳಗಿನ ಎಳೆಯೋ ಕಡಿದಿದೆ. ಆಮೇಲೆ ಒಂದೊಂದು ಪಿನ್ನಿನಿಂದ ದುಂಡನೆಯ ಅರ್ಥಿಂಗ್ ಪಿನ್ನಿಗೆ ಅಳೆಯಿರಿ. ಅಲ್ಲಿ ಸಂಪರ್ಕ ತೋರಿಸಿದರೆ ಆ ಹೀಟರನ್ನು ಕರೆಂಟಿಗೆ ಹಾಕಲೇಬಾರದು, ಗಾಡಿಯ ಮೈಗೇ ಕರೆಂಟು ಹರಿಯಬಹುದು. ಚಳಿಗಾಲಕ್ಕೆ ಮುಂಚೆಯೇ, ಕೈ ಮರಗಟ್ಟದ ದಿನಗಳಲ್ಲಿ, ಈ ಐದು ನಿಮಿಷದ ಕೆಲಸ ಮುಗಿಸಿಡುವುದು ಒಳ್ಳೆಯದು.

ಹೀಟರಿನಿಂದ ಬೆಂಕಿ ಹೊತ್ತಿದ ಪ್ರಕರಣಗಳಲ್ಲಿ ಹೆಚ್ಚಾಗಿ ಅಪರಾಧಿ ವೈರೇ. ಮಳೆ, ಉಪ್ಪು, ಹಿಮ ತಿಂದು ಪ್ಲಗ್ಗಿನ ಪಿನ್ನು ಕಪ್ಪಾಗಿರುತ್ತದೆ, ಚಳಿಗೆ ಪ್ಲಾಸ್ಟಿಕ್ ಗಡುಸಾಗಿ ಸೀಳಿರುತ್ತದೆ. 1500 ವ್ಯಾಟಿನ ಹೀಟರ್ 120 ವೋಲ್ಟಿನಲ್ಲಿ 12.5 ಆಂಪಿಯರ್ ಎಳೆಯುತ್ತದೆ. ಮನೆಯೊಳಗೆ ಟೇಬಲ್ ಲ್ಯಾಂಪಿಗೆ ಬಳಸುವ ತೆಳು ಎಕ್ಸ್‌ಟೆನ್ಷನ್ ವೈರ್ ಅಷ್ಟನ್ನು ಗಂಟೆಗಟ್ಟಲೆ ತಡೆಯುವುದಿಲ್ಲ. ಹೊರಾಂಗಣಕ್ಕೆಂದೇ ಮಾಡಿದ ದಪ್ಪ, ಗಿಡ್ಡ, ಮೂರು ಪಿನ್ನಿನ ವೈರೇ ಬೇಕು. ಅದನ್ನು ಸುರುಳಿ ಸುತ್ತಿದಂತೆ ಬಿಡದೆ ಬಿಡಿಸಿ ಹಾಕಬೇಕು. ಮುಟ್ಟಿದರೆ ಪ್ಲಗ್ ಬಿಸಿಯಾಗಿದ್ದರೆ ಅಂದೇ ಬದಲಿಸಿ. ಇದರಲ್ಲಿ ಉಳಿತಾಯದ ಮಾತೇ ಸಲ್ಲದು.

ಕೂಲೆಂಟ್ ಖಾಲಿಯಿರುವಾಗ ಹೀಟರಿಗೆ ಕರೆಂಟು ಕೊಟ್ಟರೆ ಅದು ಬೇಗನೆ ಸುಟ್ಟುಹೋಗುತ್ತದೆ. ಕೂಲೆಂಟ್ ಬದಲಿಸಿದ ಮೇಲೆ ಎಂಜಿನ್ ಓಡಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋದ ಬಳಿಕವೇ ಪ್ಲಗ್ ಹಾಕಬೇಕು.

ಕೂಲೆಂಟಿಗೆ ನೀರೇ ಬೆರೆಸದಿದ್ದರೆ ಚಳಿ ಇನ್ನೂ ಚೆನ್ನಾಗಿ ತಡೆಯುತ್ತದೆ ಎನ್ನುವವರಿದ್ದಾರೆ. ಉಲ್ಟಾ! ಶುದ್ಧ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದರೆ ಮೈನಸ್ 37ರವರೆಗೂ ತಡೆಯುತ್ತದೆ.

ಗಾಳಿ ಬೀಸಿದರೆ ಎಂಜಿನ್ನಿಗೆ ಚಳಿ ಹೆಚ್ಚಾಗುವುದೇ? ಹವಾಮಾನ ವರದಿಯಲ್ಲಿ ಮೈನಸ್ 20, ಗಾಳಿಯಿಂದಾಗಿ ಮೈನಸ್ 33ರ ಅನುಭವ ಎಂದಿರುತ್ತದೆ. ಆ 33 ನಮ್ಮ ಚರ್ಮದ ಲೆಕ್ಕ. ನಿಂತ ಲಾರಿ ಎಷ್ಟೇ ಗಾಳಿಗೆ ಸಿಕ್ಕರೂ ಮೈನಸ್ 20ಕ್ಕಿಂತ ಕೆಳಗಿಳಿಯುವುದಿಲ್ಲ, ಅಲ್ಲಿಗೆ ಬೇಗ ಇಳಿಯುತ್ತದೆ ಅಷ್ಟೆ. ಆದರೆ ಹೀಟರ್ ಕೊಟ್ಟ ಕಾವನ್ನೂ ಗಾಳಿ ಅದೇ ವೇಗದಲ್ಲಿ ಕದಿಯುತ್ತದೆ. ಅದಕ್ಕೇ ಗೋಡೆಯ ಮರೆಯಲ್ಲಿ ನಿಲ್ಲಿಸುವುದು, ಮುಂದಿನ ಜಾಲರಿಗೆ ಹೊದಿಕೆ ಕಟ್ಟುವುದು.

ಬ್ಲಾಕ್ ಹೀಟರಿನ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆಯೊಂದಿದೆ: ಪ್ಲಗ್ ಹಾಕಿದರೆ ಎಲ್ಲವೂ ಬೆಚ್ಚಗಿರುತ್ತದೆ ಎಂಬುದು. ಇಲ್ಲ. ಕೆಳಗಿನ ಆಯಿಲ್ ತೊಟ್ಟಿಗೆ ಅಂಟಿಸುವ ಹೀಟರೇ ಬೇರೆ, ಬ್ಯಾಟರಿಗೆ ಸುತ್ತುವ ಕಂಬಳಿಯೇ ಬೇರೆ. ಟ್ಯಾಂಕಿನ ಡೀಸೆಲ್‌ಗಂತೂ ಬ್ಲಾಕ್ ಹೀಟರಿನ ಬಿಸಿ ತಾಕುವುದೇ ಇಲ್ಲ. ಡೀಸೆಲ್‌ನಲ್ಲಿ ಮೇಣದ ಅಂಶ ಇದೆ. ಚಳಿ ಏರಿದಂತೆ ಅದು ಹರಳುಗಟ್ಟಿ ಮೊದಲು ಡೀಸೆಲ್ ಮಬ್ಬಾಗುತ್ತದೆ, ಆಮೇಲೆ ಹರಳುಗಳು ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತವೆ, ಕೊನೆಗೆ ಡೀಸೆಲ್ ಹರಿಯುವುದೇ ನಿಲ್ಲುತ್ತದೆ. ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗಿ, ಎರಡು ಕಿಲೋಮೀಟರ್ ಓಡಿ, ಹೆದ್ದಾರಿಯ ನಡುವೆ ನಿಂತುಬಿಟ್ಟರೆ ಕಾರಣ ಹೆಚ್ಚಾಗಿ ಇದೇ. ಅಮೆರಿಕದ ಚಳಿನಾಡುಗಳಲ್ಲಿ ಸಾಮಾನ್ಯ ನಂಬರ್ 2 ಡೀಸೆಲ್‌ಗೆ ಸೀಮೆಎಣ್ಣೆಗೆ ಹತ್ತಿರವಾದ ನಂಬರ್ 1 ಡೀಸೆಲ್ ಬೆರೆಸುತ್ತಾರೆ. ಮೇಣ ಕಟ್ಟದಂತೆ ಹಾಕುವ ಔಷಧಿಯನ್ನು ಡೀಸೆಲ್ ಮಬ್ಬಾಗುವ ಮುಂಚೆಯೇ ಹಾಕಬೇಕು. ಕಟ್ಟಿದ ಮೇಲೆ ಅದರಿಂದ ಪ್ರಯೋಜನವಿಲ್ಲ.

ನಮ್ಮ ಲಡಾಖ್ ದಾರಿಯ ಚಾಲಕರು ಈ ಕಷ್ಟವನ್ನು ವರ್ಷಾನುಗಟ್ಟಲೆ ಉಂಡಿದ್ದಾರೆ. ಡೀಸೆಲ್ ಟ್ಯಾಂಕಿನ ಅಡಿ ಸ್ಟವ್ ಹಚ್ಚಿಟ್ಟು, ಪೈಪಿನ ಕೆಳಗೆ ಎಣ್ಣೆಬಟ್ಟೆ ಉರಿಸಿ ಗಾಡಿ ಹೊರಡಿಸುವುದು ಅಲ್ಲಿ ಮಾಮೂಲಿ ದೃಶ್ಯವಾಗಿತ್ತು. ಬೇರೆ ದಾರಿಯಿಲ್ಲದೆ ಹಾಗೆ ಮಾಡಿದವರನ್ನು ದೂರಲು ನನಗೆ ಮನಸ್ಸಿಲ್ಲ, ಆದರೆ ಪ್ರತಿ ಬೆಳಿಗ್ಗೆ ಅವರು ಜೀವವನ್ನೇ ಒತ್ತೆಯಿಟ್ಟಿದ್ದಂತೂ ನಿಜ. 2019ರ ನವೆಂಬರ್ 17ರಂದು ಲಡಾಖಿನಲ್ಲಿ ಚಳಿಗಾಲದ ವಿಶೇಷ ಡೀಸೆಲ್ ಮಾರಾಟ ಶುರುವಾಯಿತು. ಇಂಡಿಯನ್ ಆಯಿಲ್‌ನ ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಅದು ಮೈನಸ್ 33ರವರೆಗೂ ಹರಿಯುವ ಗುಣ ಉಳಿಸಿಕೊಳ್ಳುತ್ತದೆ. ಕಾರ್ಗಿಲ್, ಕಾಜಾ, ಕೀಲಾಂಗ್‌ನಂಥ ಊರುಗಳನ್ನು ಗಮನದಲ್ಲಿಟ್ಟೇ ಅದನ್ನು ರೂಪಿಸಿದ್ದು.

ಸ್ಟಾರ್ಟ್ ಆಗದ ಎಂಜಿನ್ನಿನ ಬಾಯಿಗೆ ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸ ಇನ್ನೂ ಇದೆ. ಸಿಲಿಂಡರಿನೊಳಗೆ ಕಾಯುವ ಗ್ಲೋ ಪ್ಲಗ್ ಅಥವಾ ಗಾಳಿ ಕಾಯಿಸುವ ಗ್ರಿಡ್ ಹೀಟರ್ ಇರುವ ಎಂಜಿನ್ನಿಗೆ ಅದನ್ನು ಖಂಡಿತ ಹೊಡೆಯಬಾರದು. ಕೆಂಪಗೆ ಕಾದ ಲೋಹಕ್ಕೆ ಈಥರ್ ಆವಿ ತಗುಲಿದರೆ ಹೊತ್ತಬಾರದ ಹೊತ್ತಿನಲ್ಲಿ, ಹೊತ್ತಬಾರದ ಜಾಗದಲ್ಲಿ ಸ್ಫೋಟವಾಗುತ್ತದೆ.

ನೂರಾರು ಮೈಲಿ ದೂರ ಪ್ಲಗ್ಗೇ ಇಲ್ಲದ ದಾರಿಯಲ್ಲಿ ಮಲಗುವ ಲಾರಿ ಚಾಲಕರ ಗತಿಯೇನು? ಹಿಂದೆ ರಾತ್ರಿಯಿಡೀ ಎಂಜಿನ್ ಆನ್ ಇಟ್ಟೇ ಮಲಗುತ್ತಿದ್ದರು, ಈಗಲೂ ಎಷ್ಟೋ ಮಂದಿ ಹಾಗೇ ಮಾಡುತ್ತಾರೆ. ನಿಂತಲ್ಲೇ ಓಡುವ ದೊಡ್ಡ ಲಾರಿ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. ಭಾರವಿಲ್ಲದೆ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದೂ ಇಲ್ಲ, ಅರೆಬರೆ ಸುಟ್ಟ ಮಸಿ ಹೊಗೆಯ ಫಿಲ್ಟರಿನಲ್ಲಿ ಕೂರುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಹಾಗೆ ಓಡಿಸುವುದು ಕಾನೂನಿಗೆ ವಿರುದ್ಧ. ಇದಕ್ಕೆ ಪರಿಹಾರ ವೆಬಾಸ್ಟೊ, ಎಬರ್‌ಸ್ಪೆಶರ್‌ನಂಥ ಜರ್ಮನ್ ಕಂಪನಿಗಳ ಪುಟ್ಟ ಹೀಟರುಗಳು. ಟ್ಯಾಂಕಿನಿಂದಲೇ ಡೀಸೆಲ್ ಹನಿಹನಿಯಾಗಿ ಎಳೆದು, ಪ್ರತ್ಯೇಕ ಗೂಡಿನಲ್ಲಿ ಉರಿಸಿ ಕೂಲೆಂಟನ್ನೋ ಕ್ಯಾಬಿನ್ನಿನ ಗಾಳಿಯನ್ನೋ ಕಾಯಿಸುತ್ತವೆ. ಕರೆಂಟಿನ ಪ್ಲಗ್ ಬೇಡ, ದೊಡ್ಡ ಎಂಜಿನ್ ಓಡಬೇಕಿಲ್ಲ. ದುಬಾರಿ ಹೌದು, ಆದರೆ ದೂರದ ಲಾರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಅಲಾಸ್ಕಾದ ಡಾಲ್ಟನ್ ಹೆದ್ದಾರಿ 666 ಕಿಲೋಮೀಟರ್ ಉದ್ದ, 1974ರಲ್ಲಿ ತೈಲದ ಪೈಪ್‌ಲೈನಿಗಾಗಿ ಹಾಕಿದ್ದು. ಆ ದಾರಿಯ ಬಳಿಯ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ 1971ರ ಜನವರಿ 23ರಂದು ಮೈನಸ್ 62.2 ಡಿಗ್ರಿ ದಾಖಲಾಯಿತು. ಅಮೆರಿಕದ ಮಟ್ಟಿಗೆ ಅದೇ ಇಂದಿಗೂ ದಾಖಲೆ.

ಮೈನಸ್ 40ಕ್ಕೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಕಿಲ್ಲ, ಎರಡೂ ಅಲ್ಲಿ ಒಂದೇ.

ಬಿಎಸ್6 ಲಾರಿಗಳಿಗೆ ನಮ್ಮ ಚಾಲಕರು ತುಂಬಿಸುವ ಯೂರಿಯಾ ದ್ರಾವಣ ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತದೆ. ಚಳಿನಾಡಿನ ಲಾರಿಗಳಲ್ಲಿ ಅದರ ಟ್ಯಾಂಕಿನೊಳಗೇ ಕೊಳವೆ ಹಾಯಿಸಿ, ಎಂಜಿನ್ನಿನ ಬಿಸಿ ಕೂಲೆಂಟಿನಿಂದ ಕರಗಿಸಿಕೊಳ್ಳುತ್ತಾರೆ. ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಹಾಗಾಗಿ ಕಂಠಮಟ್ಟ ತುಂಬುವಂತಿಲ್ಲ.

ಒದ್ದೆಯಾದ ಬ್ರೇಕಿನೊಡನೆ ಲಾರಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಎಂಜಿನ್ ಬೆಚ್ಚಗಿದ್ದರೂ ಚಕ್ರ ತಿರುಗುವುದಿಲ್ಲ. ಚಾಲಕರು ಸುತ್ತಿಗೆ ಹಿಡಿದು ಡ್ರಮ್ ಬಡಿಯುತ್ತ ಹೋಗುವುದು ಆಗಲೇ.

ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ ಜನವರಿಯ ಸರಾಸರಿಯೇ ಮೈನಸ್ 35ಕ್ಕಿಂತ ಕೆಳಗೆ. ಅಲ್ಲಿ ಗಾಡಿಗಳಿಗೆ ದಪ್ಪನೆಯ ಹೊದಿಕೆ ಹೊದಿಸುತ್ತಾರೆ, ಕಿಟಕಿಗೆ ಎರಡನೆಯ ಗಾಜು ಅಂಟಿಸುತ್ತಾರೆ. ಬಿಸಿ ಗ್ಯಾರೇಜ್ ಇಲ್ಲದವರು ಅಂಗಡಿಗೆ ಹೋದಾಗಲೂ ಎಂಜಿನ್ ಆಫ್ ಮಾಡುವುದಿಲ್ಲ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಮೊದಲ ನಿಮಿಷಗಳಲ್ಲೇ ಅತಿ ಹೆಚ್ಚು ವಿಷ ಉಗುಳುತ್ತದೆ. ಫೇರ್‌ಬ್ಯಾಂಕ್ಸ್‌ನಲ್ಲಿ ಚಳಿಗಾಲದ ಗಾಳಿ ಮೇಲಕ್ಕೇರದೆ ಊರಿನ ಮೇಲೆಯೇ ನಿಲ್ಲುತ್ತದೆ. ಕಾರ್ಬನ್ ಮೊನಾಕ್ಸೈಡ್ ತಗ್ಗಿಸಲು ಆ ಊರು ಹಿಡಿದ ದಾರಿಗಳಲ್ಲಿ ಪಾರ್ಕಿಂಗ್ ಜಾಗಗಳಿಗೆ ಪ್ಲಗ್ ಒದಗಿಸುವುದೂ ಒಂದು.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ನಮ್ಮ ಲಾರಿಗೆ ಬ್ಲಾಕ್ ಹೀಟರ್ ಬೇಡ, ನಿಜ. ಆದರೆ ಬಿಸಿಲೂರಿನ ದೊಡ್ಡ ಆಸ್ಪತ್ರೆ, ಡೇಟಾ ಸೆಂಟರುಗಳ ಎಷ್ಟೋ ಡೀಸೆಲ್ ಜನರೇಟರುಗಳಿಗೂ ಇದೇ ಜಾತಿಯ ಹೀಟರ್ ಇದ್ದು, ವರ್ಷವಿಡೀ ಕೂಲೆಂಟನ್ನು ಬೆಚ್ಚಗಿಟ್ಟಿರುತ್ತದೆ ಎಂಬುದು ನಿಮಗೆ ಗೊತ್ತೇ? ಲಾರಿ ಸ್ಟಾರ್ಟ್ ಆದ ಮೇಲೆ ನಿಧಾನವಾಗಿ ಹೊರಡಬಹುದು. ಜನರೇಟರಿಗೆ ಆ ಪುರುಸೊತ್ತಿಲ್ಲ. ಕರೆಂಟು ಹೋದ 10 ಸೆಕೆಂಡಿನೊಳಗೆ ಎದ್ದು, ಪೂರ್ತಿ ಭಾರ ಹೊರಬೇಕಾದ ಜನರೇಟರುಗಳಿವೆ. ತಣ್ಣಗಿದ್ದರೆ ಮೊದಲ ಸೆಕೆಂಡುಗಳಲ್ಲೇ ಮುಗ್ಗರಿಸುತ್ತದೆ. ಕೂಲೆಂಟ್ ತಣ್ಣಗಾಗಿದೆ ಎಂಬ ಎಚ್ಚರಿಕೆ ಜನರೇಟರಿನ ಪ್ಯಾನೆಲ್ ಮೇಲೆ ಬಂದರೆ, ನಮ್ಮೂರಲ್ಲಿ ಚಳಿಯೆಲ್ಲಿದೆ ಎಂದು ಬದಿಗಿಡದೆ ಅಂದೇ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು.